ಮುಂದೆ ಜಾರುವವನು

ಕನ್ನಡಕದ ಮೇಲೆ ಗಾಗಲ್ ಏರಿಸಿಕೊಂಡು ಸ್ಕೀ ಮಾಡಲು ಬಂದವರನ್ನು ನಮ್ಮ ಕಣಿವೆಯವರು ದೂರದಿಂದಲೇ ಗುರುತಿಸುತ್ತಾರೆ. ಇಳಿಜಾರಿನ ನಟ್ಟನಡುವೆ ನಿಂತು, ಕೈಗವಸನ್ನು ಹಲ್ಲಲ್ಲಿ ಕಚ್ಚಿಕೊಂಡು, ಆವಿ ಕಟ್ಟಿದ ಕನ್ನಡಕವನ್ನು ಒದ್ದೆ ಅಂಗಿಯ ತುದಿಯಿಂದ ಒರೆಸುತ್ತಿರುತ್ತಾರೆ. ಒರೆಸಿದಷ್ಟೂ ಮಸುಕು. ಮಧ್ಯಾಹ್ನದ ಹೊತ್ತಿಗೆ ಮುಖ ಊದಿಸಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಮೊಂತಾಫೋನ್ ಕಣಿವೆಯಲ್ಲಿ, ಕೇಬಲ್ ಕಾರ್ ಹತ್ತುವ ಜಾಗದ ಮಗ್ಗುಲಲ್ಲೇ ನನ್ನ ಕನ್ನಡಕದ ಅಂಗಡಿ. ನನ್ನ ಹೊಟ್ಟೆಪಾಡು ನಡೆಯುವುದೇ ಆ ಆವಿಯಿಂದ.

ಬಂದವರಿಗೆಲ್ಲ ನಾನು ಹೇಳುವುದು ಒಂದೇ ಪಾಠ. ಕನ್ನಡಕ ಒಳಗೆ ಹಿಡಿಸುವಷ್ಟು ಅಗಲದ ಗಾಗಲ್ ಇದೆ. ಅದು ಬೇಡವೆಂದರೆ ಗಾಗಲ್ ಒಳಗೆ ಸಿಕ್ಕಿಸುವ ಪುಟ್ಟ ಚೌಕಟ್ಟಿದೆ, ಅದಕ್ಕೆ ನಿಮ್ಮ ನಂಬರಿನ ಗಾಜು ಕೂರಿಸಿ ಕೊಡುತ್ತೇನೆ. ಕಾಂಟ್ಯಾಕ್ಟ್ ಲೆನ್ಸ್ ಇದೆ. ಧೈರ್ಯವಿದ್ದರೆ ಪಟ್ಟಣಕ್ಕೆ ಹೋಗಿ ಲೇಸರ್ ಮಾಡಿಸಿಕೊಳ್ಳಿ. ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಬಂದವರು ಇದನ್ನು ವ್ಯಾಪಾರದ ಮಾತು ಅಂದುಕೊಳ್ಳುತ್ತಾರೆ. ನಿಜವಾಗಿ ಇದು ನನ್ನ ಪ್ರೇಮಕಥೆ, ಇದೇ ಕ್ರಮದಲ್ಲಿ ನಡೆದದ್ದು.

ರೋಸ್ವಿತಾ ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಹಿಂಬಾಗಿಲಿಂದ. ಆಗ ಅವಳು ಸ್ಕೀ ಶಾಲೆಯಲ್ಲಿ ಹೊಸ ಶಿಕ್ಷಕಿ. ಕೆಂಪು ಜಾಕೆಟ್ ತೊಟ್ಟ ಶಿಕ್ಷಕರು ಕನ್ನಡಕ ಹಾಕುವುದು ನಮ್ಮಲ್ಲಿಲ್ಲ. ಹಾಕಬಾರದೆಂದು ಯಾರೂ ಬರೆದಿಟ್ಟಿಲ್ಲ, ಆದರೂ ಯಾರೂ ಹಾಕುವುದಿಲ್ಲ. ಕನ್ನಡಕ ಅತಿಥಿಗಳಿಗೆ, ಬರಿಗಣ್ಣು ಊರಿನವರಿಗೆ. ಅವಳಿಗೋ ಮೈನಸ್ ಹನ್ನೆರಡು. ಗಾಜಿಲ್ಲದಿದ್ದರೆ ತನ್ನ ಕೈಯ ಬೆರಳೇ ಹೊಗೆಯಾಗಿ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡುವ ಅವಳ ಅಭ್ಯಾಸವನ್ನು ಊರಿನ ಹುಡುಗರು ಸೊಕ್ಕು ಎಂದುಕೊಂಡಿದ್ದರು. ಪಾಪ, ಅವಳಿಗೆ ಅವರು ಯಾರೆಂದೇ ಕಾಣುತ್ತಿರಲಿಲ್ಲ.

"ಬಾಗಿಲು ಹಾಕು ಮೊದ್ಲು," ಎಂದಳು ಒಳಗೆ ಬಂದವಳೇ. "ನಾನು ಇಲ್ಲಿಗೆ ಬಂದಿದ್ದು ಯಾರಿಗಾದ್ರೂ ಗೊತ್ತಾದ್ರೆ ನಿನ್ನ ಅಂಗಡಿಗೆ ಬೆಂಕಿ ಇಡ್ತೀನಿ."

"ಹಾಗಾದ್ರೆ ಗಾಜು ಕರಗೋದ್ರೊಳಗೆ ನಂಬರ್ ನೋಡಿಬಿಡೋಣ, ಕೂತ್ಕೋ," ಎಂದೆ.

ಅಗಲದ ಗಾಗಲ್ ಕೊಟ್ಟೆ. ಮೀನಿನ ತೊಟ್ಟಿ ತಲೆಗೆ ಕಟ್ಟಿಕೊಂಡ ಹಾಗಿದೆ ಎಂದು ಮರುದಿನವೇ ತಂದೆಸೆದಳು. ಒಳಗೆ ಸಿಕ್ಕಿಸುವ ಚೌಕಟ್ಟು ಮಾಡಿಕೊಟ್ಟೆ. ಅವಳ ನಂಬರಿಗೆ ಗಾಜು ಬಾಟಲಿಯ ತಳದಷ್ಟು ದಪ್ಪವಾಗಿ ರೆಪ್ಪೆಗೆ ತಾಗುತ್ತಿತ್ತು. ಕೊನೆಗೆ ಕಾಂಟ್ಯಾಕ್ಟ್ ಲೆನ್ಸ್. ಹಾಕಿಕೊಳ್ಳುವುದನ್ನು ಕಲಿಸುವಾಗ ಲೆನ್ಸನ್ನು ಎರಡು ಸಲ ನೆಲಕ್ಕೆ ಬೀಳಿಸಿದ್ದು ನಾನು, ಅವಳಲ್ಲ. ಎರಡೂ ಕೂತಮೇಲೆ ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದಳು.

"ಓ, ನಿನ್ನ ಮುಖ ಹೀಗಿದ್ಯಾ!" ಎಂದಳು. "ದನಿ ಕೇಳಿ ಇನ್ನೂ ಸ್ವಲ್ಪ ಚೆನ್ನಾಗಿರತ್ತೆ ಅಂದ್ಕೊಂಡಿದ್ದೆ."

ಮುಂದಿನ ಶರತ್ಕಾಲದಲ್ಲಿ ಮದುವೆಯಾಯಿತು. ಊರಿಗೆಲ್ಲ ಆಶ್ಚರ್ಯ. ಅವಳು ಎಲ್ಮಾರ್‌ನನ್ನು ಮದುವೆಯಾಗುತ್ತಾಳೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಎಲ್ಮಾರ್ ಬೆಟ್ಟದ ರಕ್ಷಣಾ ದಳದವನು. ಅವರಿಬ್ಬರೂ ಚಿಕ್ಕಂದಿನಿಂದ ಜೋಡಿಯಾಗಿ ಜಾರಿದವರು. ನಾನಾದರೋ ಇದೇ ಕಣಿವೆಯಲ್ಲಿ ಹುಟ್ಟಿಯೂ ಸ್ಕೀ ಮೇಲೆ ಬಾಗಿಲ ಹಲಗೆಯ ಹಾಗೆ ನಿಲ್ಲುವವನು. ನನ್ನ ಅತ್ತೆ ಹೆಡ್ವಿಗ್ ಮದುವೆಯ ಊಟದಲ್ಲೇ ಎಲ್ಲರಿಗೂ ಕೇಳುವಂತೆ, "ನನ್ನ ಅಳಿಯ ಅಪ್ಪಟ ಡಚ್ಚ ಕಣ್ರೀ, ಕಾಲು ಮಾತ್ರ. ಮಿಕ್ಕಿದ್ದೆಲ್ಲ ನಮ್ಮೋರದ್ದೇ," ಎಂದಿದ್ದರು. ಬೆಟ್ಟವೇ ಇಲ್ಲದ ನಾಡಿನಿಂದ ಬಂದು ಉರುಳುವ ಡಚ್ ಅತಿಥಿಗಳನ್ನು ನೋಡಿ ನಗದವರು ನಮ್ಮಲ್ಲಿ ಯಾರಿದ್ದಾರೆ? ನಾನೂ ನಕ್ಕೆ. ಇಷ್ಟು ಸುಖವಿದ್ದಾಗ ಯಾರು ಏನಂದರೇನು.

ಇಪ್ಪತ್ತು ಚಳಿಗಾಲ ಹಾಗೆ ಕಳೆದವು. ಬೆಳಿಗ್ಗೆ ಕಾಫಿಯ ಜೊತೆ ಮೆಕ್ಕೆಜೋಳದ ರವೆ ಹುರಿದ ರೀಬಲ್ ತಿಂದು, ಕನ್ನಡಿಯ ಮುಂದೆ ಲೆನ್ಸ್ ಹಾಕಿಕೊಂಡು, ಕೆಂಪು ಜಾಕೆಟ್ ತೊಟ್ಟು ಹೋಗುತ್ತಿದ್ದಳು. ನಾನು ಅಂಗಡಿಯ ಕಿಟಕಿಯಿಂದ ಅವಳು ಕೆಳಗಿಳಿದು ಬರುವುದನ್ನು ನೋಡುತ್ತಿದ್ದೆ. ಗಾಜಿನ ಕೆಲಸ ಕೈಯಲ್ಲಿದ್ದರೂ ಅವಳ ತಿರುವು ನನಗೆ ಗೊತ್ತಾಗುತ್ತಿತ್ತು. ಬೇರೆಯವರು ಹಿಮವನ್ನು ಕೆರೆಯುತ್ತಾರೆ, ಅವಳು ಅದರ ಮೇಲೆ ಬೆಣ್ಣೆ ಸವರುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳು ಬೆಳಕನ್ನು ಬೈಯಲು ಶುರುಮಾಡಿದಳು.

ಇದರಲ್ಲಿ ವಿಶೇಷವೇನೂ ಇರಲಿಲ್ಲ. ಮೋಡ ಕವಿದ ದಿನ ಹಿಮವೂ ಆಕಾಶವೂ ಒಂದೇ ಬಿಳುಪಾಗಿ ಕಾಲಡಿಯ ಉಬ್ಬುತಗ್ಗು ಯಾರಿಗೂ ಕಾಣುವುದಿಲ್ಲ. ಬಿದ್ದವರು, ಗುದ್ದಿಕೊಂಡವರು, ಪಂದ್ಯ ಸೋತವರು ಎಲ್ಲರೂ "ಬೆಳಕು ಸರಿ ಇರ್ಲಿಲ್ಲ" ಎನ್ನುತ್ತಾರೆ. ನಮ್ಮ ಕಣಿವೆಯಲ್ಲಿ ಅದು ಕ್ಷೇಮಸಮಾಚಾರದಷ್ಟೇ ಸಾಮಾನ್ಯ ಮಾತು. ಹಾಗಾಗಿ ಅವಳು ಹೇಳಿದಾಗ ನಾನು ಗಾಗಲ್‌ಗೆ ಉಬ್ಬುತಗ್ಗು ಎದ್ದು ಕಾಣಿಸುವ ಹಳದಿ ಗಾಜು ಹಾಕಿಕೊಟ್ಟೆ. ಅದೂ ಸಾಲದೆಂದಾಗ ಗುಲಾಬಿ ಬಣ್ಣದ್ದು. ಆಮೇಲೆ ಲೆನ್ಸಿನ ನಂಬರು ಬದಲಿಸಿದೆ.

ಫೆಬ್ರವರಿಯ ಒಂದು ಮಧ್ಯಾಹ್ನ ಊಟಕ್ಕೆ ಬಂದವಳು ಹೆಲ್ಮೆಟ್ ಕುಕ್ಕಿ, "ಥೂ, ಇವತ್ತು ಬೆಳಕು ಎಂಥ ದರಿದ್ರ," ಎಂದಳು. ನಾನು ಸೌಟು ಹಿಡಿದುಕೊಂಡೇ ಕಿಟಕಿಯ ಕಡೆ ತಿರುಗಿದೆ. ಹೊರಗೆ ಒಂದು ತುಣುಕು ಮೋಡವಿರಲಿಲ್ಲ. ಕೇಬಲ್ ಕಾರಿನ ಕಂಬಗಳ ನೆರಳು ಹಿಮದ ಮೇಲೆ ಮಸಿಯಲ್ಲಿ ಗೀಟೆಳೆದಂತೆ ಬಿದ್ದಿತ್ತು. ಸೌಟನ್ನು ಪಾತ್ರೆಯೊಳಗೆ ಬಿಟ್ಟು ಒಲೆ ಆರಿಸಿದೆ.

ಆ ಸಂಜೆ ಅಂಗಡಿಯಲ್ಲಿ ಅವಳನ್ನು ಕೂರಿಸಿ ಒಂದಾದ ಮೇಲೊಂದು ಗಾಜು ಇಟ್ಟು ನೋಡಿದೆ. ನನ್ನಲ್ಲಿರುವ ಗಾಜೆಲ್ಲ ಮುಗಿಯಿತು.

"ಅಕ್ಷರದ ಸುತ್ತ ಕಾಣತ್ತೆ ಕಣೋ," ಎಂದಳು. "ಅಕ್ಷರ ಇರೋ ಜಾಗದಲ್ಲಿ ಏನೂ ಇಲ್ಲ. ಯಾರೋ ಹೆಬ್ಬೆಟ್ಟಲ್ಲಿ ಉಜ್ಜಿಬಿಟ್ಟ ಹಾಗಿದೆ."

"ಯಾವಾಗಿಂದ?"

ಅವಳು ಪರೀಕ್ಷೆಯ ಚೌಕಟ್ಟನ್ನು ಮೂಗಿನಿಂದ ಕಳಚಿ ನನ್ನ ಕೈಗಿಟ್ಟಳು. "ಲೇಸರ್ ಮಾಡಿಸೋಣ. ಇಷ್ಟು ವರ್ಷ ನನ್ನ ನಂಬರಿಗೆ ಅದು ಬೇಡ ಅಂತ ನೀನೇ ಅಂತಿದ್ದೆ. ಈಗ ಮಾಡಿಸೇಬಿಡೋಣ," ಎಂದಳು.

ಪಟ್ಟಣದ ಕಣ್ಣಿನ ವೈದ್ಯೆ ಒಳ್ಳೆಯವರು, ಮಾತನ್ನು ಸುತ್ತಿ ಬಳಸಿ ಆಡಲಿಲ್ಲ. ಇಷ್ಟು ದೊಡ್ಡ ಮೈನಸ್ ಇರುವ ಕಣ್ಣು ಉದ್ದಕ್ಕೆ ಹಿಗ್ಗಿರುತ್ತದೆ, ಹಿಗ್ಗಿದ್ದರಿಂದ ಹಿಂದಿನ ಪರದೆ ತೆಳ್ಳಗಾಗಿ ನಟ್ಟನಡುವೆ ಸವೆದಿದೆ ಎಂದರು. ಕನ್ನಡಕ, ಲೆನ್ಸ್, ಲೇಸರ್ ಎಲ್ಲ ತಿದ್ದುವುದು ಕಣ್ಣಿನ ಮುಂಭಾಗವನ್ನು. ಹಿಂದೆ ಸವೆದದ್ದಕ್ಕೆ ಗಾಜಿಲ್ಲ. ಅಂಚು ಉಳಿಯುತ್ತದೆ, ನಡು ಹೋಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಕೊನೆಗೆ ನನ್ನ ಕಡೆ ನೋಡಿ ಹೇಳಿದರು. ಯಾರದಾದರೂ ತಪ್ಪಿದ್ದರೆ ಬೈಯಲಾದರೂ ಒಬ್ಬರಿರುತ್ತಿದ್ದರು.

ರೈಲಿನಲ್ಲಿ ವಾಪಸು ಬರುವಾಗ ಅವಳು ನನ್ನ ಭುಜಕ್ಕೆ ಒರಗಿ, "ಕಿಲಿಯನ್, ಅಂಗಡಿ ತುಂಬ ಗಾಜು ಇಟ್ಕೊಂಡಿದ್ದೀಯಲ್ಲೋ," ಎಂದಳು, "ನನಗೆ ಅಂತ ಒಂದೂ ಇಲ್ವಾ?"

ನಾನು ಆ ದಿನ ಅತ್ತಷ್ಟು ನನ್ನ ತಾಯಿ ಸತ್ತಾಗಲೂ ಅತ್ತಿರಲಿಲ್ಲ.

ಕೆಂಪು ಜಾಕೆಟನ್ನು ಅವಳೇ ಒಗೆದು, ಇಸ್ತ್ರಿ ಮಾಡಿ, ಸ್ಕೀ ಶಾಲೆಗೆ ಕೊಟ್ಟುಬಂದಳು. ಬೇಸಿಗೆ ಹೇಗೋ ಕಳೆಯಿತು. ಅಷ್ಟರಲ್ಲಿ ಅವಳು ನೋಡುವುದಕ್ಕೆ ಹೊಸ ದಾರಿ ಕಂಡುಕೊಂಡಿದ್ದಳು. ನೆಟ್ಟಗೆ ನೋಡಿದರೆ ನಡುವಿನ ತೂತು ಎದುರಿಗಿದ್ದದ್ದನ್ನು ನುಂಗಿಬಿಡುತ್ತಿತ್ತು. ಹಾಗಾಗಿ ಏನನ್ನಾದರೂ ನೋಡಬೇಕಾದರೆ ಮುಖವನ್ನು ಅದರಿಂದ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ಹಿಡಿಯುತ್ತಿದ್ದಳು. ನನ್ನ ಜೊತೆ ಮಾತಾಡುವಾಗ ಒಲೆಯ ಕಡೆ ನೋಡುತ್ತಿದ್ದಳು, ಅಂದರೆ ನನ್ನನ್ನು ನೋಡುತ್ತಿದ್ದಾಳೆ ಎಂದರ್ಥ. ಮನೆಗೆ ಬಂದವರು ಇವಳಿಗೆ ನಮ್ಮ ಮಾತಿನಲ್ಲಿ ಆಸಕ್ತಿಯಿಲ್ಲ ಎಂದುಕೊಂಡು ಬೇಗ ಎದ್ದುಹೋಗುತ್ತಿದ್ದರು.

ಮೊದಲ ಹಿಮ ಬಿದ್ದ ದಿನ ಅವಳು ಪರದೆ ಎಳೆದು ಹಾಸಿಗೆಯಲ್ಲೇ ಉಳಿದಳು. ಮರುದಿನವೂ ಅಷ್ಟೇ. ಹೆಡ್ವಿಗ್ ಬಂದು ಗದರಿದರು, ಸೂಪು ಮಾಡಿದರು, ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರು. ಜಾರುವುದನ್ನು ಅವಳಿಂದ ಕಿತ್ತುಕೊಂಡರೆ ಉಳಿಯುವುದು ಅವಳಲ್ಲ, ಅವಳ ಹೆಸರಿನ ಯಾರೋ ಒಬ್ಬಳು. ಅದು ನನಗೆ ಗೊತ್ತಿತ್ತು.

ಕಣ್ಣು ಕಾಣದವರೂ ಸ್ಕೀ ಮಾಡುತ್ತಾರೆ. ಮುಂದೊಬ್ಬರು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಜಾರುತ್ತಾರೆ. ಹೆಲ್ಮೆಟ್ಟಿನೊಳಗಿನ ಪುಟ್ಟ ರೇಡಿಯೋದಲ್ಲಿ ಎಡಕ್ಕೆ, ಬಲಕ್ಕೆ, ಉಬ್ಬು, ಮಂಜುಗಡ್ಡೆ ಎಂದು ಬಾಯಿ ಮುಚ್ಚದೆ ಹೇಳುತ್ತಿರುತ್ತಾರೆ. ಹಿಂದಿನವರು ಆ ಬಣ್ಣವನ್ನೂ ದನಿಯನ್ನೂ ಹಿಡಿದುಕೊಂಡು ಬರುತ್ತಾರೆ. ನಾನು ಅಂಗಿ ತಂದೆ, ರೇಡಿಯೋ ತಂದೆ, ತರಬೇತಿಗೂ ಹೋಗಿಬಂದೆ.

"ಯಾರು, ನೀನಾ?" ಎಂದಳು ರೋಸ್ವಿತಾ, ಹಾಸಿಗೆಯಲ್ಲಿ ಎದ್ದು ಕೂತು. ಬಹಳ ದಿನದ ಮೇಲೆ ನಕ್ಕಳು.

"ನಾನೇ. ನಿನ್ನ ಕಣ್ಣಿನ ವಿಷಯ ನನಗಿಂತ ಜಾಸ್ತಿ ಯಾರಿಗೆ ಗೊತ್ತು?"

"ಕಣ್ಣು ಸರಿ ಮಾರಾಯ. ಕಾಲು?"

ಬಾಗಿಲಲ್ಲಿ ನಿಂತಿದ್ದ ಹೆಡ್ವಿಗ್, "ದೇವ್ರೇ, ಕುರುಡಿಗೆ ಡಚ್ಚ ದಾರಿ ತೋರಿಸ್ತಾನಂತೆ," ಎಂದು ಶಿಲುಬೆ ಗುರುತು ಹಾಕಿಕೊಂಡರು. ಮೂವರೂ ನಕ್ಕೆವು. ನಾನು ಮಾತ್ರ ಒಳಗೊಳಗೆ ಹಟ ಹಿಡಿದಿದ್ದೆ. ಇಪ್ಪತ್ತು ವರ್ಷ ಅವಳ ಕಣ್ಣಿಗೆ ಬೇಕಾದದ್ದನ್ನೆಲ್ಲ ಕೊಟ್ಟವನು ನಾನು. ಈಗ ಗಾಜು ಕೈಕೊಟ್ಟಿದೆ ಎಂದರೆ ಗಾಜಿನ ಜಾಗದಲ್ಲಿ ನಾನೇ ನಿಲ್ಲುತ್ತೇನೆ. ಬೇರೆ ಯಾರೂ ನಿಲ್ಲಕೂಡದು. ಇದಕ್ಕಿಂತ ಹೆಚ್ಚಾಗಿ ನಾನು ಬದುಕಿನಲ್ಲಿ ಏನನ್ನೂ ಬಯಸಿರಲಿಲ್ಲ.

ಮಕ್ಕಳು ಕಲಿಯುವ ಇಳಿಜಾರಿನಲ್ಲಿ ಎಲ್ಲ ಸರಿಹೋಯಿತು. ಅವಳು ನನ್ನ ಹಿಂದೆ ಹಾಡು ಗುನುಗಿಕೊಂಡು ಬಂದಳು. ಮುಂದಿನ ವಾರ ಮೇಲಿನ ದೊಡ್ಡ ದಾರಿಗೆ ಹೋದೆವು. ಅಲ್ಲಿ ಗೊತ್ತಾಯಿತು. ಮುಂದೆ ಜಾರುವವನು ಹಿಂದಿನವಳಿಗಿಂತ ವೇಗವಾಗಿರಲೇಬೇಕು. ಅವನು ನಿಧಾನಿಸಿದರೆ ಅವಳೂ ನಿಧಾನಿಸಬೇಕು, ಅವನು ತಡವರಿಸಿದರೆ ಅವಳ ಕಾಲಡಿಯ ಬೆಟ್ಟವೇ ತಡವರಿಸುತ್ತದೆ. ನಾನು ತಿರುವು ತೆಗೆಯುವುದಕ್ಕೂ ಮಾತಾಡುವುದಕ್ಕೂ ಉಸಿರು ಸಾಲದೆ ಏದುಸಿರು ಬಿಡುತ್ತಿದ್ದೆ.

"ಬೇಗ ಕಣೋ," ರೇಡಿಯೋದಲ್ಲಿ ಅವಳ ದನಿ. "ಇನ್ನೂ ಬೇಗ. ಬಿಡು, ಬಿಟ್ಟುಬಿಡು ಕಾಲನ್ನ!"

ಬಿಟ್ಟೆ. ಎರಡನೆಯ ತಿರುವಿನಲ್ಲಿ ಸ್ಕೀಯ ಅಂಚು ಜಾರಿ ಮುಖ ಅಡಿಯಾಗಿ ಬಿದ್ದೆ. ಬಾಯಿಗೆ ಹಿಮ ತುಂಬಿ ದನಿ ನಿಂತುಹೋಯಿತು. ಮುಂದಿನ ದನಿ ನಿಂತರೆ ಹಿಂದಿನವರು ಆ ಕ್ಷಣವೇ ನಿಲ್ಲಬೇಕು, ಅದು ನಿಯಮ. ಅವಳು ನಿಂತಳು. ಆದರೆ ಹಿಂದಿನಿಂದ ಬರುತ್ತಿದ್ದ ಒಬ್ಬ ಅತಿಥಿ ಅವಳನ್ನು ಕೂದಲೆಳೆಯಲ್ಲಿ ತಪ್ಪಿಸಿ, ಬೈದುಕೊಂಡು ಹೋದ.

"ಕಿಲಿಯನ್? ಎಲ್ಲಿದ್ದೀಯೋ? ಕಿಲಿಯನ್!"

ಹತ್ತು ಅಡಿ ಕೆಳಗೆ ನಾನು ಬಿದ್ದಿದ್ದೆ. ಅವಳು ನಾಲ್ಕೂ ದಿಕ್ಕಿಗೆ ಮುಖ ತಿರುಗಿಸಿ ನನ್ನನ್ನು ಹುಡುಕುತ್ತಿದ್ದಳು. ತನ್ನದೇ ಬೆಟ್ಟದ ಮೇಲೆ ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದು ನನ್ನಿಂದ ಆದದ್ದು.

ಮನೆಗೆ ಬರುವಾಗ ಅವಳು ಮಂಡಿ ನೋವು ಎಂದಳು. ಮರುದಿನವೂ ಮಂಡಿ ನೋವು. "ಇರ್ಲಿ ಬಿಡೋ, ನನಗೂ ಸಾಕಾಗಿತ್ತು. ವಯಸ್ಸಾಯ್ತಲ್ಲ," ಎಂದು ಉಲ್ಲನ್ ಹೆಣಿಗೆ ಎತ್ತಿಕೊಂಡಳು. ಅವಳ ದನಿ ಎಷ್ಟು ಸಹಜವಾಗಿತ್ತೆಂದರೆ ನಾನು ನಂಬಿದೆ. ನಿಜ ಹೇಳಬೇಕೆಂದರೆ, ನಂಬುವುದು ನನಗೂ ಅನುಕೂಲವಾಗಿತ್ತು.

ಜನವರಿಯ ನಡುವಿನಲ್ಲಿ ಸೌದೆ ತರಲು ನೆಲಮಾಳಿಗೆಗೆ ಇಳಿದೆ. ಅವಳ ಸ್ಕೀಗಳು ಗೋಡೆಗೆ ಒರಗಿದ್ದವು. ಅಡಿಯನ್ನು ಮುಟ್ಟಿದರೆ ಬೆರಳಿಗೆ ದಪ್ಪ ಮೇಣ ತಾಗಿತು. ಋತು ಮುಗಿದು, ಹಿಮ ಕರಗಿ, ಸ್ಕೀಗಳನ್ನು ಎತ್ತಿಡುವಾಗ ಅಡಿಗೆ ಹೀಗೆ ಮೇಣ ಮೆತ್ತಿ, ಕೆರೆಯದೆ ಹಾಗೇ ಬಿಡುತ್ತೇವೆ, ಬೇಸಿಗೆಯಲ್ಲಿ ಒಣಗದಿರಲೆಂದು. ಏಪ್ರಿಲ್ ಕೊನೆಗೆ ಮಾಡುವ ಕೆಲಸ. ಹೊರಗೆ ಸೊಂಟದೆತ್ತರ ಹಿಮ ಬಿದ್ದಿತ್ತು, ಅವಳು ತನ್ನ ಸ್ಕೀಗಳಿಗೆ ಬೇಸಿಗೆ ತಂದುಬಿಟ್ಟಿದ್ದಳು. ಕಾಣದ ಕಣ್ಣಲ್ಲಿ ಕೈ ಸುಟ್ಟುಕೊಂಡು, ನನಗೆ ಗೊತ್ತಾಗದ ಹಾಗೆ ಮೇಣ ಕಾಯಿಸಿ ಹಚ್ಚಿದ್ದಳು. ಮಂಡಿ ನೋವೂ ಇರಲಿಲ್ಲ, ಸಾಕೂ ಆಗಿರಲಿಲ್ಲ. ನನ್ನ ಹಿಂದೆ ಬರುವುದು ಅವಳಿಂದಾಗುತ್ತಿರಲಿಲ್ಲ, ಇನ್ನೊಬ್ಬರ ಹಿಂದೆ ಹೋಗಿ ನನ್ನ ಮನಸ್ಸು ನೋಯಿಸುವುದು ಅವಳಿಗೆ ಬೇಕಿರಲಿಲ್ಲ. ಹಾಗಾಗಿ ಬೆಟ್ಟವನ್ನೇ ಬಿಟ್ಟುಬಿಟ್ಟಿದ್ದಳು. ನಾನು ಸೌದೆಯ ರಾಶಿಯ ಮೇಲೆ ಕೂತು ಆ ಮೇಣವನ್ನೇ ನೋಡುತ್ತಿದ್ದೆ. ನನ್ನ ಪ್ರೀತಿ ಅವಳಿಗೆ ಎಷ್ಟು ಭಾರವಾಗಿತ್ತು ಎಂದು ಆಗ ತಿಳಿಯಿತು.

ಮೇಣ ಕೆರೆದು, ಉಜ್ಜಿ, ಅಡಿ ಹೊಳೆಯುವಂತೆ ಮಾಡಿದೆ. ಕಿತ್ತಳೆ ಅಂಗಿಯನ್ನೂ ರೇಡಿಯೋವನ್ನೂ ಚೀಲಕ್ಕೆ ಹಾಕಿಕೊಂಡು ಎಲ್ಮಾರ್‌ನನ್ನು ಹುಡುಕಿಕೊಂಡು ಹೋದೆ. ರಕ್ಷಣಾ ದಳದ ಗುಡಿಸಲಿನಲ್ಲಿ ಅವನು ಬೂಟು ಒಣಗಿಸುತ್ತ ಕೂತಿದ್ದ. ಅವನ ಹೆಂಡತಿ ಬಿಟ್ಟುಹೋಗಿ ಬಹಳ ವರ್ಷವಾಗಿತ್ತು.

"ಇದೇನು?" ಎಂದ ಚೀಲ ನೋಡಿ.

"ರೋಸ್ವಿತಾಗೆ ಮುಂದೆ ಜಾರೋರು ಬೇಕು. ನನ್ನ ಕೈಲಿ ಆಗ್ತಿಲ್ಲ."

ಅವನು ಬೂಟನ್ನು ಕೆಳಗಿಟ್ಟ. "ನಿನಗೇನು ತಲೆ ಕೆಟ್ಟಿದ್ಯಾ ಮಾರಾಯ? ಊರಲ್ಲಿ ಬೇರೆ ಯಾರೂ ಇಲ್ವಾ?"

"ಅವಳ ತಿರುವು ಗೊತ್ತಿರೋರು ಬೇರೆ ಯಾರಿದ್ದಾರೆ?"

"ಅವಳೇ ಕೇಳಿದ್ಲಾ?"

"ಅವಳು ಸತ್ರೂ ಕೇಳಲ್ಲ. ಅದಕ್ಕೇ ನಾನು ಬಂದಿದ್ದು."

ಎಲ್ಮಾರ್ ಬೂಟನ್ನು ಮತ್ತೆ ಎತ್ತಿ ಒಲೆಯ ಹತ್ತಿರ ಸರಿಸಿಟ್ಟ. ಒಳ್ಳೆಯ ಮನುಷ್ಯ ಅವನು, ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ಚೀಲ ಎತ್ತಿಕೊಂಡು ವಾಪಸು ಬರಬಹುದಿತ್ತು. "ನೋಡು ಕಿಲಿಯನ್," ಎಂದ ಕೊನೆಗೆ, "ನಾನು ಒಪ್ಕೊಂಡ್ರೆ ಅದು ಜಾರೋದಕ್ಕೆ ಮಾತ್ರ."

"ಗೊತ್ತು," ಎಂದೆ. ಇಬ್ಬರಿಗೂ ಗೊತ್ತಿತ್ತು, ಜಾರುವುದು ಎಂದರೆ ಅವಳಿಗೆ ಬರೀ ಜಾರುವುದಲ್ಲವೆಂದು.

ರೋಸ್ವಿತಾ ಮೊದಲು ಸಿಟ್ಟಾದಳು. ತನ್ನನ್ನು ಕೇಳದೆ ಯಾರಿಗೋ ದಾಟಿಸಲು ತಾನೇನು ಸಾಮಾನಾ ಎಂದು ಕೂಗಾಡಿದಳು. ಆಮೇಲೆ ನೆಲಮಾಳಿಗೆಗೆ ಹೋಗಿ ಸ್ಕೀಗಳ ಅಡಿ ಮುಟ್ಟಿ ನೋಡಿ ಬಂದಳು. ಬಂದವಳು ನನ್ನ ಎದೆಗೆ ಹಣೆ ಒತ್ತಿ ನಿಂತಳು. ಅವಳ ಬೆರಳುಗಳಲ್ಲಿ ಮೇಣದ ವಾಸನೆಯಿತ್ತು.

ಮೂರು ತಿಂಗಳು ಅವರಿಬ್ಬರೂ ಅಭ್ಯಾಸ ಮಾಡಿದರು. ಸಂಜೆ ಕೆಂಪೇರಿದ ಕೆನ್ನೆಯಲ್ಲಿ ಮನೆಗೆ ಬಂದು ಎರಡು ತಟ್ಟೆ ಊಟ ಮಾಡುತ್ತಿದ್ದಳು. "ಎಲ್ಮಾರ್ ಇವತ್ತು ಏನಂದ ಗೊತ್ತಾ..." ಎಂದು ಶುರುವಾದ ಮಾತು ಒಮ್ಮೊಮ್ಮೆ ಅರ್ಧಕ್ಕೇ ನಿಲ್ಲುತ್ತಿತ್ತು. "ಹೇಳು, ಹೇಳು," ಎನ್ನುತ್ತಿದ್ದೆ ನಾನು. ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತ್ತು. ಆದರೂ ಅವಳ ನಗು ಮನೆಗೆ ವಾಪಸು ಬಂದಿತ್ತಲ್ಲ, ಅದನ್ನು ಬೇಡವೆನ್ನಲು ನಾನು ಯಾರು?

ಋತುವಿನ ಕೊನೆಯ ಭಾನುವಾರ ಕೇಬಲ್ ಕಾರು ನಿಲ್ಲುವ ಮುಂಚೆ ಊರಿನವರೆಲ್ಲ ಬೆಟ್ಟದ ತುದಿಯಿಂದ ಹಳ್ಳಿಯವರೆಗೆ ಒಂದು ಸಲ ಇಳಿಯುವುದು ನಮ್ಮಲ್ಲಿ ಪದ್ಧತಿ. ಸ್ಕೀ ಶಾಲೆಯವರು ಕೊನೆಗೆ. ಆ ವರ್ಷ ಅವರೆಲ್ಲರ ಹಿಂದೆ ಇವರಿಬ್ಬರು. ಜಾಕೆಟ್ ಇಲ್ಲದಿದ್ದರೂ ಬಾ ಎಂದು ಶಾಲೆಯವರೇ ಕರೆದಿದ್ದರು. ನಾನು ಹೆಡ್ವಿಗ್ ಜೊತೆ ಕೆಳಗೆ ಬೇಲಿಯ ಬಳಿ ನಿಂತಿದ್ದೆ. ಬ್ಯಾಂಡಿನವರು ತುತ್ತೂರಿ ಒರೆಸಿಕೊಳ್ಳುತ್ತಿದ್ದರು.

ಮೊದಲು ಕಂಡದ್ದು ಕಿತ್ತಳೆ ಬಣ್ಣ. ಅದರ ಹಿಂದೆಯೇ, ಒಂದೇ ದಾರದಲ್ಲಿ ಪೋಣಿಸಿದ ಹಾಗೆ, ಅವಳು. ಎಲ್ಮಾರ್ ತಿರುಗಿದಲ್ಲಿ ತಿರುಗಿದಳು, ಅವನು ಬಿಟ್ಟಲ್ಲಿ ಬಿಟ್ಟಳು. ಅದೇ ಇಪ್ಪತ್ತರ ಹುಡುಗಿ. ಕೊನೆಯ ಕಡಿದಾದ ಇಳಿತದಲ್ಲಿ ಇಡೀ ಊರು ಉಸಿರು ಹಿಡಿದು ನಿಂತಿತು, ಆಮೇಲೆ ಒಮ್ಮೆಲೇ ಕೂಗಿತು. ನಾನೂ ಕೂಗಿದೆ. ಅಷ್ಟು ಚೆಂದವನ್ನು ನಾನು ನೋಡಿರಲಿಲ್ಲ, ಅಷ್ಟು ನೋವನ್ನೂ.

ಅವಳು ಬೇಲಿಯ ಹತ್ತಿರ ನಿಂತು ಗಾಗಲ್ ಹಣೆಗೇರಿಸಿದಳು. ಏದುಸಿರು ಬಿಡುತ್ತ, ನಗುತ್ತ, ನೆಟ್ಟಗೆ ನನ್ನ ಕಡೆಗೇ ಮುಖ ಮಾಡಿದಳು.

"ನೋಡೋ, ನಿನ್ನನ್ನೇ ಹೇಗೆ ನೋಡ್ತಿದ್ದಾಳೆ," ಎಂದು ಹೆಡ್ವಿಗ್ ನನ್ನನ್ನು ಮೊಣಕೈಯಿಂದ ತಿವಿದರು. ಅಕ್ಕಪಕ್ಕದವರೂ ಮೆಚ್ಚಿ ನಕ್ಕರು.

ನಾನು ಮಾತ್ರ ನಗಲಿಲ್ಲ. ನೆಟ್ಟಗೆ ನೋಡಿದ್ದು ಅವಳಿಗೆ ಕಾಣುವುದಿಲ್ಲ. ಆ ತೂತಿನ ನಟ್ಟನಡುವೆ ನಾನು ನಿಂತಿದ್ದೆ. ಅವಳ ಕಣ್ಣಂಚಿನಲ್ಲಿ, ಎಲ್ಲ ಸರಿಯಾಗಿ ಕಾಣುವ ಜಾಗದಲ್ಲಿ, ಎಲ್ಮಾರ್ ನಿಂತಿದ್ದ.

"ಎಲ್ಮಾರ್," ಎಂದಳು ಅವಳು, "ಕಿಲಿಯನ್ ಬಂದಿದ್ದಾನಾ?"

ಅವನು ನನ್ನ ಮುಖ ನೋಡಿ ತಲೆ ತಗ್ಗಿಸಿದ. "ನಿನ್ನ ಎದುರಿಗೇ ಇದ್ದಾನಲ್ಲೇ."

"ಇಲ್ಲೇ ಇದ್ದೀನಿ," ಎಂದೆ.

"ನಾನು ಹೇಗ್ ಬಂದೆ? ಹೇಳೋ, ಹೇಗ್ ಇಳಿದು ಬಂದೆ?"

"ಮುಂಚಿನ ಹಾಗೇ. ಮುಂಚಿಗಿಂತ ಚೆನ್ನಾಗಿ."

ಅವಳು ಚಿಕ್ಕ ಹುಡುಗಿಯ ಹಾಗೆ ಕುಣಿದಳು. "ಇನ್ನೊಂದು ಸಲ ಹೋಗ್ಬರ್ಲಾ? ಕೇಬಲ್ ಕಾರ್ ನಿಲ್ಲೋದ್ರೊಳಗೆ?"

"ಹೋಗ್ಬಾ," ಎಂದೆ. ಕೇಬಲ್ ಕಾರಿನ ಮೆಟ್ಟಿಲವರೆಗಾದರೂ ನಡೆಸಿಕೊಂಡು ಹೋಗೋಣವೆಂದು ಬೇಲಿಯ ಮೇಲಿನಿಂದ ತೋಳು ಚಾಚಿದೆ. ಅವಳೂ ಕೈ ಚಾಚಿದಳು. ಅವಳಿಗೆ ಕಂಡದ್ದು ಕಿತ್ತಳೆ ಬಣ್ಣದ ತೋಳು. ಅದನ್ನು ಹಿಡಿದುಕೊಂಡು, ಅದು ಯಾರದೆಂದು ಕೇಳುವ ಅಗತ್ಯವೇ ಇಲ್ಲದೆ, ಮಾತಾಡುತ್ತ ಹೊರಟುಹೋದಳು.

ನನ್ನ ತೋಳು ಹಾಗೇ ಬೇಲಿಯ ಮೇಲೆ ಚಾಚಿಕೊಂಡಿತ್ತು, ಇಳಿಸಲು ಮರೆತಿದ್ದೆ. ಹೆಡ್ವಿಗ್ ಅದನ್ನು ನೋಡಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರಿಗೆ ಚುಚ್ಚುಮಾತು ಹೊಳೆಯಲಿಲ್ಲ. ಎರಡೂ ಕೈಯಿಂದ ಆ ತೋಳನ್ನು ಬೇಲಿಯಿಂದ ಎಳೆದು ತಮ್ಮ ಕಂಕುಳಿಗೆ ಸೇರಿಸಿಕೊಂಡರು.

"ಹಿಡ್ಕೊಳಪ್ಪ," ಎಂದರು. "ನನಗೂ ಇಲ್ಲಿ ಕಾಲು ಜಾರತ್ತೆ."